ಬೆಲ್ಲದ ಚೀಟಿ

ಅರಳಸುರಳಿ

ಡಾಕ್ಟರ್ ಯಶಸ್ವಿನಿ ಮೇಡಂ ಅವರಿಗೆ ನಮಸ್ಕಾರ.

ನನ್ನ ಲಿವರಿನಿಂದ ಕತ್ತರಿಸಿ ತೆಗೆದ ಗಡ್ಡೆಯ ಚೂರಿನಲ್ಲಿ ಕ್ಯಾನ್ಸರಿನ ಗುರುತುಗಳನ್ನು ಪರೀಕ್ಷಿಸಿ, ಅದು ಮರುಕಳಿಸುವ ಸಾಧ್ಯತೆ ಕಡಿಮೆ ಎಂದಿರಿ. ಮರುದಿನವೇ ನಾನು ಗದ್ದೆಗಿಳಿದೆ.

ನನ್ನ ಹೆಂಡತಿ ಜಿನಮ್ಮ ಮಾತ್ರ, ಕಾಯಿಲೆ ಮತ್ತೆ ಬರುವುದಿಲ್ಲವೆಂದು ಡಾಕ್ಟರ್ ಹೇಳುವವರೆಗೆ ಬೆಲ್ಲ ಮುಟ್ಟುವುದಿಲ್ಲ ಎಂದು ಬಸದಿಯಲ್ಲಿ ನೇಮ ಹಿಡಿದಿದ್ದಾಳೆ. "ಕಡಿಮೆ ಅಂದ್ರೆ ಇಲ್ಲ ಅಂತಲ್ಲ ಕಣ್ರೀ" ಎನ್ನುತ್ತಾ ಇಂದಿಗೂ ಕಹಿ ಕಾಫಿಯನ್ನೇ ಕುಡಿಯುತ್ತಾಳೆ.

ಬರುವುದೇ ಇಲ್ಲವೆಂದು ಯಾವ ಡಾಕ್ಟರೂ ಹೇಳಲಾರರು, ಗೊತ್ತು. ನೀವು ಸುಳ್ಳು ಹೇಳುವುದೂ ಬೇಡ. ಆದರೆ ಅವಳಿಗೆ ರಕ್ತ ಕಡಿಮೆ, ಔಷಧಿಯೆಂದು ಬೆಲ್ಲ ತಿಂದರೆ ನೇಮದ ಅಡ್ಡಿಯಿಲ್ಲ. ಮುಂದಿನ ಸ್ಕ್ಯಾನಿಗೆ ಬಂದಾಗ ಅವಳ ಹೆಸರಿಗೊಂದು ಚೀಟಿ ಕೊಟ್ಟು, ದಿನಕ್ಕೊಂದು ಚೂರು ಬೆಲ್ಲ ಬರೆಯಿರಿ. ಊಟದ ನಂತರ ಎಂದು ಬರೆಯುವ ಜಾಗದಲ್ಲಿ, ಗಂಡನ ಎದುರಿಗೆ ಎಂದು ಬರೆಯಿರಿ.

ನಿಮ್ಮ ರೋಗಿಯಾಗಿದ್ದ,
ದೇವಕುಮಾರ