ನಿಂಬರ್ಗಾದ ಒಂದೂವರೆ ಎಕರೆಯನ್ನು ಅಳೆದವರಿಗೆ

ಜಮೀನು ಜೋಡಣೆ ಯೋಜನೆಯ ಮುಖ್ಯಾಧಿಕಾರಿಗಳೇ,

ಬರುವ ಸೋಮವಾರ ನಿಮ್ಮ ಯಂತ್ರ ಬಂದು ನನ್ನ ಹೊಲದ ಬದು ಕೀಳಲಿದೆ. ಇಳುವರಿ ಕಡಿಮೆ ಎಂಬ ಒಂದೇ ಕಾರಣಕ್ಕೆ ನಿಂಬರ್ಗಾದ ಮೂವತ್ತೊಂದು ಮನೆಗಳ ತುಂಡು ಹೊಲಗಳು ಒಂದೇ ದೊಡ್ಡ ಹೊಲವಾಗಿ ಯಾವುದೋ ಕಂಪನಿಯ ಕೈ ಸೇರಲಿವೆ. ಅದನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ.

ಸಭೆಯಲ್ಲಿ ತಾವು ಪರದೆಯ ಮೇಲೆ ತೋರಿಸಿದ ಪರದೇಶದ ರೈತನನ್ನು ನಾನು ಮರೆತಿಲ್ಲ. ನೂರಾರು ಎಕರೆಗೆ ಒಬ್ಬನೇ ಆಳು! "ನಿಮ್ಮಲ್ಲಿ ಒಂದೂವರೆ ಎಕರೆಗೆ ನಾಲ್ವರು" ಎಂದು ನಕ್ಕಿರಿ. ಒಪ್ಪಿದೆ ಸ್ವಾಮಿ, ಆಳಿನ ಲೆಕ್ಕದಲ್ಲಿ ನಾವು ಸೋತೆವು. ನನ್ನ ಸೊಂಟವೇ ಸಾಕ್ಷಿ. ಆದರೆ ಅಲ್ಲಿ ಹೊಲ ದೊಡ್ಡದಾದದ್ದರಿಂದ ಜನ ಉದ್ಧಾರವಾದರೋ, ಬೇರೆ ಕೆಲಸ ಸಿಕ್ಕವರು ಹೊಲ ಬಿಟ್ಟು ನಡೆದದ್ದರಿಂದ ಹೊಲ ದೊಡ್ಡದಾಯಿತೋ? ನಮ್ಮ ನಾಲ್ವರಿಗಾಗಿ ಆಳಂದದಲ್ಲಿ ಯಾವ ಕಾರ್ಖಾನೆ ಬಾಗಿಲು ತೆರೆದು ಕಾಯುತ್ತಿದೆ? ನಮ್ಮಲ್ಲಿ ಕೈಗಳಿಗೆ ಬರವಿಲ್ಲ, ಕಡಿಮೆ ಇರುವುದು ನೆಲ. ಹಾಗಿರುವಾಗ ಬೆಳೆಯನ್ನು ತಲೆಯಿಂದ ಭಾಗಿಸಬೇಕೋ, ಎಕರೆಯಿಂದಲೋ?

ಎಕರೆಯಿಂದಲೂ ಭಾಗಿಸಿದ್ದೀರಿ, ಅದರ ಕಥೆ ಕೇಳಿ. ತೊಗರಿ ಕೊಯ್ದು ರಾಶಿ ಮಾಡುವ ಹೊತ್ತಿಗೆ ನಿಮ್ಮ ಸರ್ವೇಯವರು ಬಂದು "ಎಷ್ಟ್ ಬಂತ್ರಿ?" ಎಂದರು. "ಎಕರೆಕ್ಕ ಮೂರು ಕ್ವಿಂಟಲ್ ತೊಗರಿ ರೀ" ಎಂದೆ, ಸಹಿ ಹಾಕಿದೆ. ತೊಗರಿ ಸಾಲುಗಳ ನಡುವೆ ಬೆಳೆದು ಆಗಲೇ ಬಿಡಿಸಿಕೊಂಡಿದ್ದ ಹೆಸರುಕಾಳು, ಬದುವಿನ ಪುಂಡಿಸೊಪ್ಪು, ಅಂಚಿನ ಜೋಳ, ಎಮ್ಮೆ ತಿಂದ ಜೋಳದ ದಂಟಿನ ಕಣಿಕೆ ಯಾವುದನ್ನೂ ಹೇಳಲಿಲ್ಲ. ನಮ್ಮ ರೂಢಿಯೇ ಹಾಗೆ, ಪೇಟೆಗೆ ಹೋದದ್ದನ್ನು ಹೇಳುತ್ತೇವೆ, ಮನೆಯಲ್ಲಿ ಉಂಡದ್ದನ್ನು ಹೇಳುವುದಿಲ್ಲ.

ಅತ್ತೆ ಗಂಗಾಬಾಯಿ ಮಾತ್ರ ಬಿಡಲಿಲ್ಲ.

"ಸಾಹೇಬ್ರ, ಹೆಸರು, ಪುಂಡಿ ಬರ್ಕೊಳ್ಳಂಗಿಲ್ಲೇನ್ರಿ?"

"ಅದಕ್ಕ ಕಾಲಂ ಇಲ್ಲ ಯವ್ವಾ."

"ಹಂಗಾರ ವರ್ಷಪೂರ್ತಿ ನಾವು ಉಂಡಿದ್ದೇನ್ರಿ?"

"ಸುಮ್ನಿರ್ರಿ ಅತ್ತಿ" ಎಂದು ಗದರಿದವಳು ನಾನೇ. ಸಾಹೇಬರ ಮುಂದೆ ಪುಂಡಿಸೊಪ್ಪಿನ ಮಾತೇ ಎಂದು ನಾಚಿಕೆಯಾಗಿತ್ತು. ಆ ಸಹಿಯ ತಪ್ಪು ತಿದ್ದಲೆಂದೇ ಈಗ ಬರೆಯುತ್ತಿದ್ದೇನೆ.

ಯಂತ್ರವನ್ನು ನಿಲ್ಲಿಸಿ. ಬಿತ್ತನೆಯಿಂದ ರಾಶಿಯವರೆಗೆ ಒಂದು ವರ್ಷ ಈ ಒಂದೂವರೆ ಎಕರೆಯಿಂದ ಬರುವುದನ್ನೆಲ್ಲ ತೂಗಿಸಿ. ಆಗಲೂ ಎಕರೆಯ ಲೆಕ್ಕದಲ್ಲಿ ನಿಮ್ಮ ದೊಡ್ಡ ಹೊಲಕ್ಕಿಂತ ಕಡಿಮೆಯಾದರೆ ಬದುವನ್ನು ನಾನೇ ಕಿತ್ತು ಕೊಡುತ್ತೇನೆ. ಇಲ್ಲ, ಸೋಮವಾರವೇ ಬರುತ್ತೀರಾ? ಬನ್ನಿ. ಅತ್ತೆ ಬದುವಿನ ಮೇಲೆ ಕುಳಿತು ಅದೇ ಪ್ರಶ್ನೆ ಕೇಳುತ್ತಾರೆ. ಈ ಸಲ ನಾನು ಅವರನ್ನು ಸುಮ್ಮನಿರಿಸುವುದಿಲ್ಲ.

ಇಂತಿ,
ತನ್ನ ಹೊಲದ ಬೆಳೆಯಲ್ಲಿ ಅರ್ಧವನ್ನಷ್ಟೇ ಹೇಳಿ ಸಹಿ ಹಾಕಿದ
ಶಿವಕಾಂತಾ, ನಿಂಬರ್ಗಾ