ಮನೆಕಿವಿಗೆ ಮಾತ್ರ ಹೇಳುವ ಬಳೆ

ಬೆಟಗೇರಿ, ಗದಗ
ಫೆಬ್ರವರಿ ೩೦, ೨೧೧೯

ಹಿಂದಿನ ಕಾಲದ ಹಿರಿಯರಿಗೆ ಶರಣು.

ವಯಸ್ಸಿನಲ್ಲಿ ನೀವು ನನಗಿಂತ ಎಷ್ಟೋ ಚಿಕ್ಕವರಿರಬಹುದು. ಆದರೂ ನಮಗಿಂತ ಮೊದಲು ಹುಟ್ಟಿದವರು ನೀವು, ಆದ್ದರಿಂದ ಹಿರಿಯರೇ. ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿ, ಒಂದೊಂದಕ್ಕೂ ಮೂವತ್ತು ದಿನ ಕೊಟ್ಟು, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ತುರುಕಿ ಅವಕ್ಕೆ ‘ಹೊರದಿನ’ ಎಂದು ಹೆಸರಿಟ್ಟರು. ಯಂತ್ರಗಳು ಒಂದಕ್ಕೊಂದು ದಿನಾಂಕ ಹೇಳಿಕೊಳ್ಳುವಾಗ ತೊಡಕಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಯಂತ್ರದ ಅನುಕೂಲಕ್ಕೆ ಮನುಷ್ಯರ ತಿಂಗಳನ್ನೇ ತಿದ್ದಿದವರು ಮುಂದೆ ಇನ್ನೇನು ತಿದ್ದಿಯಾರು ಎಂದು ಆಗಲೇ ಯಾರಾದರೂ ಅನುಮಾನಪಡಬೇಕಿತ್ತು. ಪಟ್ಟರೋ ಇಲ್ಲವೋ ತಿಳಿಯದು. ಪಟ್ಟವರ ಮಾತು ಎಲ್ಲೂ ಉಳಿದಿಲ್ಲ.

ನನ್ನ ಕೆಲವು ಶಬ್ದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಬಂದ ಬಂದಲ್ಲಿ ಅರ್ಥ ಹೇಳುತ್ತೇನೆ. ನಾನು ಪ್ರಮೋದಿನಿ ಸಂಕನೂರ, ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಹಳೆಯ ಸರ್ಕಾರಿ ಕರಡುಗಳನ್ನು ಓದುವುದು ನನ್ನ ಚಟ. ಕಾದಂಬರಿ ಓದುವವರು ಕೊನೆಯ ಪುಟದಲ್ಲಿ ಅಳುತ್ತಾರೆ. ಕರಡು ಓದುವವರು ಅದು ಜಾರಿಯಾದ ಎಷ್ಟೋ ವರ್ಷಗಳ ಮೇಲೆ ಅಳಬೇಕಾಗುತ್ತದೆ.

ಮೊದಲು ನಮ್ಮ ಮನೆಗಳ ವಿಚಾರ ಹೇಳಬೇಕು. ಈಗ ಪ್ರತಿ ಮನೆಯ ಪಡಸಾಲೆಯ ಗೋಡೆಯ ಮೇಲೆ ಒಂದು ಪೆಟ್ಟಿಗೆ ಇರುತ್ತದೆ, ಊಟದ ಡಬ್ಬಿಯಷ್ಟು ದೊಡ್ಡದು. ಅದಕ್ಕೆ ಮನೆಕಿವಿ ಎನ್ನುತ್ತೇವೆ. ಮನೆಯವರ ಮೈಮೇಲೆ, ಮೈಯೊಳಗೆ ಇರುವ ಸಾಧನಗಳು ಹೇಳುವುದನ್ನು ಕೇಳಿಸಿಕೊಳ್ಳುವುದು ಅದರ ಕೆಲಸ. ಅಜ್ಜನ ಎದೆಯೊಳಗಿನ ಬಡಿತದ ಬಿಲ್ಲೆ, ಮಗುವಿನ ಹಣೆಗೆ ಅಂಟಿಸಿದ ಜ್ವರಚುಕ್ಕೆ, ಸಕ್ಕರೆ ಕಾಯಿಲೆಯವರ ಹೊಟ್ಟೆಯ ಮೇಲಿನ ಔಷಧದ ಪಟ್ಟಿ, ಎಲ್ಲವೂ ಬೆಳಗಿನಿಂದ ಈ ಕಿವಿಯೊಂದಿಗೆ ಪಿಸುಗುಡುತ್ತಿರುತ್ತವೆ. ನಮಗೆ ಕೇಳಿಸುವುದಿಲ್ಲ. ಏರುಪೇರಾದಾಗ ಕಿವಿ ಕೆಂಪಾಗಿ, ಯಾರಿಗೆ ಏನಾಗಿದೆ ಎಂದು ಕೂಗಿ ಹೇಳುತ್ತದೆ. ಒಳ್ಳೆಯದೇ. ನನ್ನ ತಮ್ಮ ಅದರಿಂದಾಗಿ ಒಮ್ಮೆ ಬದುಕಿಕೊಂಡ. ಯಂತ್ರಗಳನ್ನು ಬೈಯಲು ಕೂತ ಮುದುಕಿ ನಾನಲ್ಲ.

ತೊಡಕು ಬೇರೆಯೇ ಇದೆ. ಕಿವಿ ಮಾಡುವ ಕಂಪನಿಗಳು ಹಲವು, ಒಂದರ ಸಾಧನದ ಮಾತು ಇನ್ನೊಂದರ ಕಿವಿಗೆ ತಿಳಿಯುವುದಿಲ್ಲ. ತಿಳಿಯಬಾರದು ಎಂದು ನುಡಿಗಟ್ಟಳೆಯಲ್ಲೇ ಇದೆ. ಸಾಧನಗಳು ಯಾರೊಂದಿಗೆ, ಯಾವಾಗ, ಏನು ಮಾತಾಡಬೇಕು ಎಂಬ ನಿಯಮಗಳಿಗೆ ನಾವು ಹೇಳುವ ಹೆಸರು ನುಡಿಗಟ್ಟಳೆ. ಅದು ಹುಟ್ಟಿದ್ದು ನಿಮ್ಮ ಕಾಲದಲ್ಲಿ. ಸೊಸೆ ತಂದ ಕಿವಿ ಅತ್ತೆಯ ಗುಂಡಿಗೆಯ ಮಾತು ಕೇಳುವುದಿಲ್ಲವಾದ್ದರಿಂದ ಎಷ್ಟೋ ಪಡಸಾಲೆಗಳಲ್ಲಿ ಎರಡೆರಡು ಕಿವಿಗಳು ಎದುರುಬದುರು ಕೂತಿರುತ್ತವೆ. ನಮ್ಮ ಓಣಿಯ ನೇಕಾರ ಹೆಣ್ಣುಮಕ್ಕಳು ಇದನ್ನೇ ನಗೆಚಾಟಿಕೆ ಮಾಡಿಕೊಂಡಿದ್ದಾರೆ: “ನಮ್ಮತ್ತಿ ಮಾತ ನಾ ಕೇಳೂದಿಲ್ಲಂತ ಊರೆಲ್ಲಾ ಹೇಳ್ಕೋಂತ ಅಡ್ಡಾಡ್ತಾಳ. ಗ್ವಾಡಿ ಮ್ಯಾಗಿನ ಡಬ್ಬಿನೂ ಕೇಳೂದಿಲ್ಲ, ಅದಕ್ಕೇನಂತಾಳ?”

ನನ್ನ ತಮ್ಮನ ಮಗಳು ದಾಕ್ಷಾಯಿಣಿ. ಹೊಸಪೇಟೆಗೆ ಕೊಟ್ಟಿದ್ದೇವೆ. ಆಕೆ ಬಸುರಿಯಾದಾಗ ಗಂಡನ ಮನೆಯವರು ಕುಬುಸದ ದಿನ ಹಸಿರು ಬಳೆಗಳ ನಡುವೆ ಒಂದು ಮೈಬಳೆಯನ್ನೂ ತೊಡಿಸಿದರು. ರಕ್ತದೊತ್ತಡ, ನಾಡಿ, ಕೂಸಿನ ಬಡಿತ ಎಲ್ಲವನ್ನೂ ಅಳೆಯುವ ಬಳೆ ಅದು, ನೋಡಲಿಕ್ಕೂ ಹಸಿರು ಗಾಜಿನಂತೆಯೇ. ವಿಮೆ ಕಂಪನಿ ಅದನ್ನು ಪುಕ್ಕಟೆ ಕೊಡುತ್ತದೆ. ಪುಕ್ಕಟೆ ಎಂದ ಕೂಡಲೇ ನನ್ನ ಹುಬ್ಬು ಮೇಲೇರಿತು. ಬೀಗತಿ ನೀಲಗಂಗವ್ವ ನಕ್ಕು, “ಅಕ್ಕಾರ, ನಿಮಗ ದೇವರ ಪ್ರಸಾದ ಕೊಟ್ರೂ ತಿರುವಿ ಮುರುವಿ ನೋಡತೀರಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಬಂದಳು. ನಮ್ಮಲ್ಲಿ ಈ ಪದ್ಧತಿ ಇನ್ನೂ ಇದೆ. ತಿಂಗಳುಗಳನ್ನು ತಿದ್ದಿದವರಿಗೆ ಇದನ್ನು ತಿದ್ದಲು ಇದುವರೆಗೆ ಆಗಿಲ್ಲ. ಆದರೆ ಆಕೆಯ ಮೈಬಳೆಗೆ ತವರು ಎಂಬುದು ಗೊತ್ತಿರಲಿಲ್ಲ. ಅದು ನೋಂದಣಿಯಾದದ್ದು ಹೊಸಪೇಟೆಯ ಮನೆಕಿವಿಗೆ. ಊರು ಬಿಟ್ಟು ಬಂದರೂ ಬಳೆ ತನ್ನ ಮಾತನ್ನು ದೂರಸಂಪರ್ಕದ ಮೂಲಕ ಅಲ್ಲಿಗೇ ಕಳಿಸುತ್ತಿತ್ತು. ನಮ್ಮ ಗೋಡೆಯ ಕಿವಿ ಬೇರೆ ಕಂಪನಿಯದು. ಅದು ಬಳೆಯನ್ನು ಕಂಡಿತು, ‘ಅತಿಥಿ ಸಾಧನ’ ಎಂದು ಒಂದು ಸಾಲು ತೋರಿಸಿ ಸುಮ್ಮನಾಯಿತು. ಬಳೆಯನ್ನು ನಮ್ಮ ಮನೆಗೆ ಬದಲಿಸಿಕೊಳ್ಳುವ ದಾರಿ ಇಲ್ಲದೇ ಇರಲಿಲ್ಲ. ಕೈಯಿಂದ ಬಳೆ ತೆಗೆಯಬೇಕು, ಹೊಸ ಕಿವಿಗೆ ಮುಟ್ಟಿಸಬೇಕು, ಮತ್ತೆ ತೊಡಿಸಬೇಕು. ಮೂರೂ ಸುಲಭದ ಕೆಲಸ ಎಂದು ಯಾರಿಗಾದರೂ ಅನಿಸಬಹುದು. ಅನಿಸಿದವರು ನಮ್ಮ ಕಡೆಯವರಾಗಿರಲಿಕ್ಕಿಲ್ಲ. ಕುಬುಸದಲ್ಲಿ ತೊಡಿಸಿದ ಬಳೆಯನ್ನು, ಗಂಡ ಬದುಕಿರುವಾಗ, ತುಂಬಿದ ಬಸುರಿಯ ಕೈಯಿಂದ ಯಾವ ತಾಯಿ ತೆಗೆಯುತ್ತಾಳೆ?

ಒಂದು ದಿನ ಮಧ್ಯಾಹ್ನ ಊಟವಾದ ಮೇಲೆ ದಾಕ್ಷಾಯಿಣಿ ತಲೆ ಹಿಡಿದುಕೊಂಡು ಕೂತಳು. “ಅತ್ತೀ, ನಿನ್ನ ಮಾರಿ ಎರಡೆರಡ ಕಾಣಾಕ ಹತ್ತೇತಿ” ಎಂದಳು. “ಒಂದ ಮಾರೀನ ತಡಕೊಳ್ಳಾಕ ಆಗೂದಿಲ್ಲ ನಿಮ್ಮವ್ವಗ” ಎಂದು ನಾನು ಚಾಷ್ಟಿ ಮಾಡಿದೆ. ಅವಳು ನಗಲಿಲ್ಲ. ಮುಖ ಬಾತಿತ್ತು. ಗೋಡೆಯ ಕಿವಿ ತಣ್ಣಗೆ ಹಸಿರಾಗಿಯೇ ಇತ್ತು. ಅದು ಹಸಿರಾಗಿದೆ ಎಂದೇ ನಾವು ಸ್ವಲ್ಪ ಹೊತ್ತು ಧೈರ್ಯವಾಗಿದ್ದೆವು. ಆಮೇಲೆ ಅವಳು ವಾಂತಿ ಮಾಡಿದಾಗ, ಹಿಂದಿನ ಓಣಿಯ ನರ್ಸ್ ಜುಲೇಖಾಳನ್ನು ಕರೆಸಿದೆವು.

ಜುಲೇಖಾ ಮುಖ ನೋಡಿಯೇ ಗಾಬರಿಯಾದಳು. ತೋಳಿಗೆ ಒತ್ತಡದ ಪಟ್ಟಿ ಕಟ್ಟಿದಳು. ಪಟ್ಟಿ ಉಬ್ಬಿತು, ಇಳಿಯಿತು, ಅಂಕಿ ಬರಲಿಲ್ಲ. ‘ಈ ದೇಹಕ್ಕೆ ಅಳತೆ ನಡೆಯುತ್ತಿದೆ’ ಎಂದು ಬಂತು. ಇದೂ ನುಡಿಗಟ್ಟಳೆಯೇ: ಎರಡು ಯಂತ್ರ ಎರಡು ಅಂಕಿ ಹೇಳಿದರೆ ಗೊಂದಲವಾಗುತ್ತದೆಂದು, ಒಂದು ಮೈಗೆ ಒಂದೇ ಅಳತೆ ಎಂದು ಗೊತ್ತುಮಾಡಿದ್ದಾರೆ. ಮೊದಲು ತೊಡಿಸಿದ ಸಾಧನದ ಮಾತೇ ಮಾತು. ಉಳಿದವು ಬಾಯಿ ಮುಚ್ಚಿಕೊಂಡಿರಬೇಕು.

“ಯಕ್ಕಾ, ಬಳಿ ಎಲ್ಲಾ ಹೇಳಾಕ ಹತ್ತೇತಿ, ಖರೆ ನನಗ ಹೇಳವಲ್ದು” ಎಂದಳು ಜುಲೇಖಾ. ಸಹಾಯವಾಣಿಗೆ ಫೋನ್ ಮಾಡಿದಳು. ಆ ಕಡೆಯ ದನಿ ಬಲು ಮೃದು: ಬಳೆಯನ್ನು ಕೈಯಿಂದ ತೆಗೆದು ಮತ್ತೆ ನೋಂದಾಯಿಸಿ.

ದಾಕ್ಷಾಯಿಣಿಯ ತಾಯಿ ಫಕೀರವ್ವ ಮಗಳ ಕೈಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಳು. “ತಗೀಬ್ಯಾಡ್ರಿ! ನನ್ನ ಮಗಳ ಕೈ ಬರಿದ ಮಾಡಬ್ಯಾಡ್ರಿ!”

“ಯವ್ವಾ, ಒಂದ ಗಳಿಗಿ, ಮತ್ತ ಹಾಕೂನು” ಎಂದು ಜುಲೇಖಾ ಬೇಡಿದಳು.

“ಆ ಗಳಿಗ್ಯಾಗ ಏನಾರ ಆದ್ರ ನೀ ಬರತೀಯೇನ ಅವರ ಅತ್ತಿಗೆ ಉತ್ರ ಕೊಡಾಕ?”

ಜಗಳ ಬೆಳೆಯಲು ಬಿಡಲಿಲ್ಲ ಜುಲೇಖಾ. ಅಂಕಿ ಹಾಳಾಗಲಿ, ಮೊದಲು ಆಸ್ಪತ್ರೆಗೆ ಹೊರಡಿ ಎಂದಳು. ನೂಲಿನ ಗಂಟು ಸಾಗಿಸುವ ಗಾಡಿಯಲ್ಲಿ ಹುಡುಗಿಯನ್ನು ಮಲಗಿಸಿಕೊಂಡು ಹೋದೆವು. ದಾರಿಯಲ್ಲೇ ಅವಳಿಗೆ ಸೆಳವು ಬಂದು ಮೈಯೆಲ್ಲ ಸೆಟೆಯಿತು. ದೊಡ್ಡ ಜೀವ ಉಳಿಯಿತು, ಕೂಸು ಉಳಿಯಲಿಲ್ಲ. ಗಂಡು ಕೂಸು, ತಲೆ ತುಂಬ ಕೂದಲಿತ್ತು.

ಆ ಮಧ್ಯಾಹ್ನ ಬಳೆ ಸುಮ್ಮನಿರಲಿಲ್ಲ. ಬೆಳಗಿನಿಂದಲೇ ಒತ್ತಡ ಏರುತ್ತಿದೆ ಎಂದು ಅದು ಕೂಗುತ್ತಲೇ ಇತ್ತು. ಹೊಸಪೇಟೆಯ ಖಾಲಿ ಪಡಸಾಲೆಯಲ್ಲಿ ಕಿವಿ ಕೆಂಪಾಗಿ ಅರಚಿಕೊಂಡಿದೆ. ಮನೆಯವರೆಲ್ಲ ಕೆಲಸಕ್ಕೆ ಹೋಗಿದ್ದರು. ಬಳೆ ಮಾಡಿದ ಕಂಪನಿಗೂ ಸುದ್ದಿ ಮುಟ್ಟಿದೆ. ವಿಮೆಯವರಿಗಂತೂ ಎಲ್ಲರಿಗಿಂತ ಮೊದಲು ಮುಟ್ಟಿದೆ. ನಾವು ಇನ್ನೂ ಗಾಡಿಯಲ್ಲಿರುವಾಗಲೇ ಅವಳ ಗಂಡನ ಫೋನಿಗೆ ಅವರ ಸಂದೇಶ ಬಂತು: ‘ನಿಮ್ಮ ಪಾಲಿಸಿಯ ಅಪಾಯ ವರ್ಗ ಬದಲಾಗಿದೆ.’ ಕಾಯಿಲೆ ಏನು, ಎಲ್ಲಿಗೆ ಓಡಬೇಕು, ಯಾರನ್ನು ಕರೆಯಬೇಕು ಎಂದು ಒಂದು ಅಕ್ಷರವಿಲ್ಲ. ಅವಳ ಮೈಯ ಸುದ್ದಿ ಮೂರು ಊರಿಗೆ ಹೋಗಿತ್ತು. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ ತಾಯಿಗೆ ಮಾತ್ರ ಹೇಳುವಂತಿರಲಿಲ್ಲ. ಕಾರಣ ಕೇಳಿದಾಗ ಕಂಪನಿಯವರು ಏನೆಂದರು ಗೊತ್ತೇ? ರೋಗಿಯ ಗೋಪ್ಯತೆ!

ನನಗೆ ಗೋಪ್ಯತೆ ಬೇಡವೆಂದಲ್ಲ. ನನ್ನ ಮೈಯ ಸುದ್ದಿ ಬೀದಿಪಾಲಾಗುವುದು ನನಗೂ ಬೇಡ. ಆದರೆ ಹೆತ್ತವಳಿಂದಲೂ ನರ್ಸ್‌ನಿಂದಲೂ ಬಚ್ಚಿಟ್ಟು ವಿಮೆಯ ಕಚೇರಿಗೆ ಬಿಚ್ಚಿಡುವುದಕ್ಕೆ ಗೋಪ್ಯತೆ ಎಂದು ಹೆಸರಿಟ್ಟವರ ಮೇಲೆ ನನಗೆ ಅನುಮಾನವಿದೆ. ಅವರಿಗೆ ಗೊತ್ತಿಲ್ಲದೆ ಆದ ತಪ್ಪು ಇದು ಎಂದು ನಾನು ಬಹಳ ದಿನ ನಂಬಲು ನೋಡಿದೆ. ನಿಮ್ಮ ಕಾಲದ, ನುಡಿಗಟ್ಟಳೆಯ ಮೊದಲ ಕರಡನ್ನು ಓದಿದ ಮೇಲೆ ಆ ನಂಬಿಕೆಯೂ ಹೋಯಿತು. ‘ಸಾಧನವು ತನ್ನ ಒಪ್ಪಿತ ಕಿವಿಗಳಿಗೆ ಮಾತ್ರ ಉತ್ತರಿಸತಕ್ಕದ್ದು. ಒಪ್ಪಿತ ಕಿವಿಗಳನ್ನು ತಯಾರಕರು ಹಾಗೂ ವೆಚ್ಚ ಭರಿಸುವವರು ಗೊತ್ತುಪಡಿಸತಕ್ಕದ್ದು.’ ಎಷ್ಟು ಸಪ್ಪೆಯಾದ ವಾಕ್ಯಗಳು! ಓದಿದವರಿಗೆ ಆಕಳಿಕೆ ಬರಬೇಕು, ಹಾಗೆ ಬರೆದಿದ್ದಾರೆ. ಮೈ ಯಾರದೋ ಅವರನ್ನು ಕೇಳಬೇಕೆಂದು ಇಡೀ ಕರಡಿನಲ್ಲಿ ಎಲ್ಲೂ ಇಲ್ಲ. ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು ಎಂದು ಕೊನೆಗೆ ಒಂದು ಸಾಲಿದೆ. ಕಂಪನಿಗಳು ತಿಳಿಸಿವೆ, ದೊಡ್ಡ ಆಸ್ಪತ್ರೆಗಳು ತಿಳಿಸಿವೆ. ಬಾಣಂತನ ಮಾಡಿದ ಒಬ್ಬ ಹೆಂಗಸೂ ತಿಳಿಸಿಲ್ಲ. ಆಕೆಗೆ ಅಂಥದ್ದೊಂದು ಕರಡು ಇದೆ ಎಂದು ಹೇಳಿದವರು ಯಾರು?

ನಮ್ಮ ಕಡೆಯಿಂದ ದೂರು ಕೊಟ್ಟೆವು. ವಿಚಾರಣೆಗೆ ಬಂದ ಅಧಿಕಾರಿ ಸಭ್ಯ ಮನುಷ್ಯ, ಚಹಾ ಕೊಟ್ಟರೆ ಎದ್ದು ನಿಂತು ತೆಗೆದುಕೊಂಡ. ಎಲ್ಲ ಸಾಧನಗಳೂ ನಿಯಮದ ಪ್ರಕಾರವೇ ನಡೆದುಕೊಂಡಿವೆ ಎಂದ. ಆಮೇಲೆ ಫಕೀರವ್ವನ ಕಡೆ ತಿರುಗಿ, “ಅಮ್ಮಾ, ಬಳೆ ತೆಗೆಯಿರಿ ಎಂದು ಸ್ಪಷ್ಟವಾಗಿ ಹೇಳಿದ್ದರಲ್ಲ, ಯಾಕೆ ಬಿಡಲಿಲ್ಲ?” ಎಂದು ಕೇಳಿದ.

ಫಕೀರವ್ವ ಸೆರಗು ಸರಿಮಾಡಿಕೊಂಡಳು. “ಸಾಹೇಬ್ರ, ಮನೀಗೆ ಹೋಗಿ ನಿಮ್ಮ ಹೇಣ್ತಿ ಕೈಯಾಗಿನ ಬಳಿ ತಗಸ್ರಿ. ನಿಮ್ಮವ್ವನ ಮುಂದನ ತಗಸ್ರಿ. ನಾಳೆ ಬಂದು ನನಗ ಕೇಳ್ರಿ.”

ಬಾಗಿಲಲ್ಲಿ ನಿಂತ ಓಣಿಯ ಹೆಂಗಸರು ನಕ್ಕರು. ಅಧಿಕಾರಿಯೂ ತಲೆ ತಗ್ಗಿಸಿ ನಕ್ಕ. ಆದರೆ ತೀರ್ಪಿನಲ್ಲಿ ‘ಬಳಕೆದಾರರ ತಪ್ಪು’ ಎಂದೇ ಬಂತು. ಅಂದಿನಿಂದ ಫಕೀರವ್ವ ಓಣಿಯಲ್ಲಿ ದನಿ ಎತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಪಾತ್ರೆ ತೊಳೆಯುತ್ತ ತನ್ನಷ್ಟಕ್ಕೇ ಅಂದಳು, “ಒಂದ ಗಳಿಗಿ ಬಿಟ್ಟಿದ್ರ ಆಗ್ತಿತ್ತೇನೋ.” ನಾನು ಕೇಳಿಸದವಳಂತೆ ಒಳಗೆ ಬಂದೆ. ಆ ಕಂಪನಿಗಳನ್ನೂ ಕರಡು ಬರೆದ ಸಮಿತಿಗಳನ್ನೂ ನಾನು ಕ್ಷಮಿಸದೇ ಇರುವುದು ಮುಖ್ಯವಾಗಿ ಆ ಒಂದು ಮಾತಿಗಾಗಿ.

ಈಗ ದಾಕ್ಷಾಯಿಣಿ ಮತ್ತೆ ಬಸುರಿ. ಮೊದಲನೆಯದು ಉಳಿಯಲಿಲ್ಲವಾದ್ದರಿಂದ ಇದೂ ಚೊಚ್ಚಲವೇ ಎಂದು ಫಕೀರವ್ವನ ಲೆಕ್ಕ. ತವರಿಗೆ ಕರೆತರಬೇಕೆಂದು ಅಟ್ಟದ ಮೇಲಿನ ತೊಟ್ಟಿಲನ್ನು ಇಳಿಸಿ ಒರೆಸಿಟ್ಟಿದ್ದಾಳೆ. ಬೀಗತಿಯೂ ಒಪ್ಪಿದ್ದಾರೆ. ಅಷ್ಟರಲ್ಲಿ ನುಡಿಗಟ್ಟಳೆಗೆ ತಿದ್ದುಪಡಿ ಬಂದಿದೆ. ನಮ್ಮ ದೂರಿನ ಫಲವೇ ಅಂತೆ, ಹೆಮ್ಮೆಯಿಂದ ತಿಳಿಸಿದ್ದಾರೆ. ಬಳೆಯು ಹತ್ತಿರದವರಿಗೂ ಹೇಳಲಿ ಎಂದು ತಿದ್ದಿರಬಹುದೆಂದು ನಾನು ಕನ್ನಡಕ ಹಾಕಿಕೊಂಡು ಓದಿದೆ. ಹಾಗೆ ಇಲ್ಲ. ಏಳು ತಿಂಗಳು ತುಂಬಿದ ಗರ್ಭಿಣಿ ತನ್ನ ಬಳೆ ನೋಂದಣಿಯಾದ ಮನೆಯನ್ನು ಬಿಟ್ಟು ಬೇರೆಡೆ ವಾಸಿಸಬಾರದು, ವಾಸಿಸಿದರೆ ವಿಮೆ ರದ್ದು, ಸರ್ಕಾರಿ ಹೆರಿಗೆ ಸೌಲಭ್ಯವೂ ಇಲ್ಲ. ಬಳೆಗೆ ತವರನ್ನು ಕಲಿಸುವುದು ಕಷ್ಟವಾಯಿತು. ಹುಡುಗಿಯರಿಗೆ ತವರನ್ನು ಮರೆಸುವುದು ಸುಲಭವೆನಿಸಿತು.

ಇಲ್ಲಿ ನಾವು ಅರ್ಜಿ ಬರೆದಿದ್ದೇವೆ, ಮೆರವಣಿಗೆ ಹೋಗಿದ್ದೇವೆ. ಬುನಾದಿಯನ್ನೇ ಬದಲಿಸಲಾಗದು, ಹಳೆಯ ಕಾಲದಿಂದ ಹಾಗೆ ನಡೆದು ಬಂದಿದೆ, ಜಗತ್ತಿನ ಎಲ್ಲ ಸಾಧನಗಳೂ ಅದರ ಮೇಲೆಯೇ ನಿಂತಿವೆ ಎನ್ನುತ್ತಾರೆ. ಆ ಹಳೆಯ ಕಾಲ ನಿಮ್ಮದು. ನಿಮ್ಮಲ್ಲಿ ಅದು ಇನ್ನೂ ಕರಡು, ಇನ್ನೂ ಹಸಿ ಗೋಡೆ. ಬೆರಳಿನಿಂದ ಒತ್ತಿದರೂ ಗುರುತು ಮೂಡೀತು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಎಂಜಿನಿಯರುಗಳು ಹೇಳುವುದೆಲ್ಲ ನಿಮಗೆ ಅರ್ಥವಾಗಬೇಕಿಲ್ಲ, ನನಗೂ ಆಗುವುದಿಲ್ಲ. ಮೈಮೇಲಿನ ಯಂತ್ರ ಯಾರಿಗೆ ಹೇಳುತ್ತದೆ, ಯಾರಿಗೆ ಹೇಳುವುದಿಲ್ಲ, ಅದನ್ನು ಗೊತ್ತುಮಾಡುವವರು ಯಾರು ಎಂದು ಕೇಳಿ. ಸುರಕ್ಷತೆ ಎಂದಾಗ ಯಾರ ಸುರಕ್ಷತೆ ಎಂದು ಕೇಳಿ. ನಿಮ್ಮನ್ನು ಅನುಮಾನದ ಪ್ರಾಣಿ ಎಂದು ನಕ್ಕರೆ ನೀವೂ ನಕ್ಕುಬಿಡಿ, ಆದರೆ ಪ್ರಶ್ನೆ ಹಿಂದೆ ತೆಗೆದುಕೊಳ್ಳಬೇಡಿ. ಮತ್ತು ಆ ಕರಡಿಗೆ ಒಂದು ವಾಕ್ಯ ಸೇರಿಸಲು ಬರೆಯಿರಿ, ನಿಮ್ಮ ಮಾತಿನಲ್ಲೇ ಸಾಕು: ಜೀವಕ್ಕೆ ಅಪಾಯ ಬಂದಾಗ ಸಾಧನವು ಮೊದಲು, ತೊಟ್ಟವರ ಪಕ್ಕದಲ್ಲಿ ಇರುವವರಿಗೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಲಿ.

ಬೇಗ ಬರೆಯಿರಿ. ದಾಕ್ಷಾಯಿಣಿಗೆ ಆರು ತಿಂಗಳು ತುಂಬಿ ಮೇಲಾಗಿದೆ. “ಮಗಳ್ನ ಕರಕೊಂಡ ಬರ್ಲ್ಯಾ, ಬ್ಯಾಡಾ?” ಎಂದು ಫಕೀರವ್ವ ದಿನವೂ ನನ್ನನ್ನು ಕೇಳುತ್ತಿದ್ದಾಳೆ.

ನಿಮ್ಮ ನಂತರದವಳು,
ಪ್ರಮೋದಿನಿ ಸಂಕನೂರ