ನಾಲ್ಕು ಅಂಕದ ಶಾಲು

ಪುಣೆ, ಡಿಸೆಂಬರ್ 1991

ತೀರ್ಥರೂಪ ಅಪ್ಪನವರಿಗೆ,

ನಮಸ್ಕಾರ. ಕ್ಷೇಮ ಕೇಳುವಷ್ಟು ಸಮಾಧಾನ ನನಗಿನ್ನೂ ಬಂದಿಲ್ಲ.

ಮಸ್ಕಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ನೀವು, "ಮಗಾ ಅಂತ ಬಿಟ್ಟಿಲ್ರೀ, ಕುದುರಿ ಹೆಜ್ಜಿ ನೋಡಿ ಮಾರ್ಕ್ಸ್ ಹಾಕೋ ಡ್ರೆಸಾಜ್ ಪಂದ್ಯದಾಗ ಅವಗ ಹತ್ತಕ್ಕ ನಾಕೇ ಹಾಕೀನಿ" ಎನ್ನುತ್ತಿದ್ದೀರಂತೆ. ಅವ್ವ ಬರೆಸಿದ್ದಾಳೆ. ಉಳಿದಿಬ್ಬರು ಜಡ್ಜುಗಳು ಏಳು ಹಾಕಿದ್ದನ್ನೂ ಹೇಳಿದಿರಾ? ನಿಮ್ಮ ನಾಲ್ಕರಿಂದ ದಿಲ್ಲಿಗೆ ಹೋಗುವ ತಂಡದಿಂದ ನನ್ನ ಹೆಸರು ಬಿಟ್ಟುಹೋಗಿದ್ದನ್ನು?

ಸ್ವಂತ ಮಗ ಕುದುರೆ ಏರಿ ಬಂದರೆ ಜಡ್ಜ್ ಕುರ್ಚಿ ಬಿಟ್ಟು ಏಳಬೇಕು. ಈ ನಿಯಮ ಕಲಿಸಿದವರೇ ನೀವು. ಯಾಕೆ ಏಳಲಿಲ್ಲ? ನನಗೆ ಗೊತ್ತು. ನಮ್ಮ ಮುತ್ಯಾ ಜಾಗೀರದಾರರ ಲಾಯದಲ್ಲಿ ಲದ್ದಿ ಬಳಿದವನು. ನೀವು ಸೈನ್ಯಕ್ಕೆ ಸಿಪಾಯಿಯಾಗಿ ಸೇರಿ, ಸವಾರಿ ಕಲಿಸುವ ಉಸ್ತಾದರಾಗಿ, ಅರ್ಧ ಆಯುಷ್ಯ ಸವೆಸಿ ಆ ಕುರ್ಚಿ ಕಂಡಿರಿ. ಎದ್ದರೆ ಮತ್ತೆ ಕರೆಯುವುದಿಲ್ಲವೆಂಬ ಭಯ. ಕೂತು ಏಳು ಹಾಕಿದರೆ ಪಕ್ಕದ ಕರ್ನಲ್ಲುಗಳು ಏನಂದಾರೋ ಎಂಬ ಭಯ. ಎರಡಕ್ಕೂ ನನ್ನನ್ನು ಬಲಿ ಕೊಟ್ಟು, ಅದಕ್ಕೆ ನ್ಯಾಯ ಅಂತ ಹೆಸರಿಟ್ಟಿರಿ.

ನನ್ನ ಮಾತು ಬಿಡಿ. ನನ್ನ ಕುದುರೆ ಚಾಂದನಿ ಅವತ್ತು ಒಂದಾದರೂ ಹೆಜ್ಜೆ ತಪ್ಪಿದಳೇ? ಎದೆ ಮುಟ್ಟಿಕೊಂಡು ಹೇಳಿ.

ಬರುವ ಸೋಮವಾರ ಲಿಂಗಸುಗೂರಿನಲ್ಲಿ ನಿಮ್ಮ ಪ್ರಾಮಾಣಿಕತೆಗೆ ಶಾಲು ಹೊದಿಸುತ್ತಾರಂತೆ. ಹೊದಿಸಿಕೊಳ್ಳಿ. ಆಮೇಲೆ ಅದನ್ನು ಪಾರ್ಸಲ್ ಮಾಡಿ ಇಲ್ಲಿಗೆ ಕಳಿಸಿ. ಲಾಯದಲ್ಲಿ ಚಳಿ ಬಹಳ, ಚಾಂದನಿಗೆ ಹೊದಿಸುತ್ತೇನೆ. ಅದನ್ನು ಗಳಿಸಿದವಳು ಅವಳು.

ನೀವು ನಾಲ್ಕು ಹಾಕಿದ ಮಗ,
ಮೌನೇಶ